ಚಪ್ಪಲಿ ಚೂರಿನ ಗೋಡೆ

ಮೇಸ್ತ್ರಿಗೆ ಜೀವಮಾನದಲ್ಲಿ ಇದ್ದದ್ದು ಒಬ್ಬನೇ ಶತ್ರು, ಗಾಳಿ. ಬೀಸುವ ಗಾಳಿಯ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ. ಕಾಂಕ್ರೀಟಿನೊಳಗೆ ಸೇರಿಕೊಳ್ಳುವ ಗಾಳಿಯನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಜಲ್ಲಿ, ಮರಳು, ಸಿಮೆಂಟು ಕಲಸಿ ಸುರಿದ ಮೇಲೆ ಅದು ಯಾವುದೋ ಮೂಲೆಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ನಾಲ್ಕು ವರ್ಷದ ಮೇಲೆ ಗೋಡೆ ಬಿರುಕು ಬಿಟ್ಟಾಗ ಮನೆಯ ಯಜಮಾನ ಬಂದು ಕೊರಳಪಟ್ಟಿ ಹಿಡಿಯುವುದು ಮಾತ್ರ ಮೇಸ್ತ್ರಿಯದು. ಆದ್ದರಿಂದ ಅವನು ಕುಟ್ಟುತ್ತಿದ್ದ. ಬೇರೆಯವರು ಹತ್ತು ಸಲ ಕುಟ್ಟುವ ಕಡೆ ಇವನು ಕೈ ಸೋಲುವವರೆಗೆ ಕುಟ್ಟುತ್ತಿದ್ದ. ಹಾಗೆ ಕುಟ್ಟಿ ಗಟ್ಟಿ ಮಾಡುವುದಕ್ಕೆ ಆ ಕಸುಬಿನಲ್ಲಿ ಧಮ್ಮಸ್ಸು ಎನ್ನುತ್ತಾರೆ. ಕೆಲಸದವರು ಅವನನ್ನು ಹಿಂದಿನಿಂದ ಧಮ್ಮಸ್ಸು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅದು ಬೈಗುಳ ಎಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

ಈಗ ಮಂಡಿ ನೋವು ಬಂದು ಕಟ್ಟಡದ ಕೆಲಸ ಬಿಟ್ಟು, ಮನೆಯ ಹಿಂದಿನ ಖಾಲಿ ಜಾಗದಲ್ಲಿ ಬ್ಲಾಕ್ ಅಚ್ಚು ಹಾಕಿಕೊಂಡಿದ್ದ. ಅವನ ಬ್ಲಾಕು ಎತ್ತಲು ಇಬ್ಬರು ಬೇಕಿತ್ತು. ಕೊಳ್ಳುವವರು ಬೆನ್ನು ಹಿಡಿದುಕೊಂಡು ಅವನನ್ನು ಹೊಗಳುತ್ತಿದ್ದರು.

ಸೊಸೆಯ ಕೆಲಸ ಇದರ ತಿರುವುಮುರುವು. ಅವಳು ಕಾಂಕ್ರೀಟ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಳು. ಊರಿನ ಕಟ್ಟಡಗಳಿಂದ ಬಂದ ಕಾಂಕ್ರೀಟ್ ತುಂಡುಗಳನ್ನು ಯಂತ್ರದ ಬಾಯಿಗಿಟ್ಟು, ಎಷ್ಟು ಒತ್ತಿದರೆ ಪುಡಿಯಾಗುತ್ತದೆ ಎಂದು ನೋಡುವುದು ಅವಳ ಕೆಲಸ. ಮಾವ ಇಡೀ ದಿನ ಗಟ್ಟಿ ಮಾಡುವವನು, ಸೊಸೆ ಇಡೀ ದಿನ ಒಡೆಯುವವಳು. ಸಂಬಂಧ ಕುದುರಿಸಿದವರು ಇದನ್ನು ಯೋಚಿಸಿರಲಿಲ್ಲ. ಆದರೂ ಇಬ್ಬರಿಗೂ ಚೆನ್ನಾಗಿಯೇ ಹೊಂದಿಕೆಯಾಗಿತ್ತು.

ಹೊಂದಿಕೆಯಾಗದಿದ್ದದ್ದು ಮನೆ. ಬೀದಿಗೊಂದು ಬಾಗಿಲಿತ್ತು, ಬಚ್ಚಲಿಗೆ ಒಂದು ತಗಡಿತ್ತು. ಒಳಗಿನ ಎರಡು ಕೋಣೆಗೂ ಅಡುಗೆಮನೆಗೂ ಚೌಕಟ್ಟು ನಿಂತಿತ್ತು, ಪರದೆ ತೂಗಾಡುತ್ತಿತ್ತು, ಬಾಗಿಲಿರಲಿಲ್ಲ. ಮನೆ ಕಟ್ಟುವಾಗ ಮಾಡಿಸಿದ್ದ ಬಾಗಿಲುಗಳನ್ನು ಮೇಸ್ತ್ರಿ ಯಾರದೋ ಅವಸರದ ಕೆಲಸಕ್ಕೆ ಒಯ್ದಿದ್ದ. ಆ ಯಾರದೋ ಮನೆಯವರು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ, ಬಾಗಿಲು ವಾಪಸು ಬಂದಿಲ್ಲ.

ಮಗನ ಮದುವೆಯಾಗಿ ನಾಲ್ಕು ವರ್ಷ. ಮಗ ಸೊಸೆ ಮುಂದಿನ ಕೋಣೆಯಲ್ಲಿ ಪರದೆಯ ಆಚೆ, ಮೇಸ್ತ್ರಿ ಮತ್ತು ಅವನ ಹೆಂಡತಿ ಈಚೆ. ಆಚೆ ಯಾರಾದರೂ ಮಗ್ಗುಲು ಬದಲಿಸಿದರೆ ಈಚೆ ಮೇಸ್ತ್ರಿ "ನಿದ್ದೆ ಬರ್ಲಿಲ್ವೇನೋ?" ಎಂದು ವಿಚಾರಿಸುತ್ತಿದ್ದ. ಪಾಪ, ಪ್ರೀತಿಯಿಂದಲೇ. ಗಂಡ ಹೆಂಡತಿಗೆ ಜಗಳವಾಡಬೇಕೆನಿಸಿದರೆ ಬಸ್ ನಿಲ್ದಾಣದವರೆಗೆ ನಡೆದುಹೋಗಿ, ಅಲ್ಲಿ ಜಗಳ ಮುಗಿಸಿ ಬರುತ್ತಿದ್ದರು. ಇಬ್ಬರಿಗೂ ನಡಿಗೆ ಅಂದರೆ ಇಷ್ಟ ಎಂದು ಮೇಸ್ತ್ರಿ ತಿಳಿದಿದ್ದ. ಇನ್ನೂ ಯಾಕೆ ಮಕ್ಕಳಾಗಲಿಲ್ಲ ಎಂದು ಒಮ್ಮೊಮ್ಮೆ ಚಿಂತಿಸುತ್ತಿದ್ದ, ಆ ಚಿಂತೆಯನ್ನೂ ಪರದೆಯ ಈಚೆಯಿಂದ ಗಟ್ಟಿಯಾಗಿಯೇ ಮಾಡುತ್ತಿದ್ದ.

ಕೊನೆಗೆ ಸೊಸೆ ಮಹಡಿಯ ಮೇಲೆ ಒಂದು ಕೋಣೆ ಬೇಕೆಂದಳು. ಲ್ಯಾಬಿನ ಇಂಜಿನಿಯರನ್ನು ಕರೆತಂದು ತೋರಿಸಿದಳು. ಅವನು ತಾರಸಿಯ ಮೇಲೆ ಅತ್ತಿತ್ತ ಓಡಾಡಿದ, ಕೆಳಗಿಳಿದು ತಲೆಯೆತ್ತಿ ನೋಡಿದ.

"ಈ ತಾರಸಿ ಯಾರು ಹಾಕಿದ್ದು?"

"ನಾನೇ," ಎಂದ ಮೇಸ್ತ್ರಿ, ಎದೆಯುಬ್ಬಿಸಿ.

"ಚೆನ್ನಾಗಿ ಕುಟ್ಟಿದೀರಿ. ಆದ್ರೆ ಕಬ್ಬಿಣ ಕಡಿಮೆ ಹಾಕಿದೀರಿ."

"ಆಗ ಮನೇಲಿ ಇದ್ದಿದ್ದೇ ಅಷ್ಟು."

ಮಾಮೂಲಿ ಬ್ಲಾಕಿನ ಗೋಡೆಯನ್ನು ಇದು ಹೊರುವುದಿಲ್ಲ ಎಂದು ಇಂಜಿನಿಯರ್ ಹೇಳಿದ. ಅದರ ಅರ್ಧ ತೂಕದ ಬ್ಲಾಕ್ ಸಿಕ್ಕರೆ ಕಟ್ಟಬಹುದು. ತಾನೇ ಬಂದು ತೂಗಿ ನೋಡುತ್ತೇನೆ, ಸರಿಯಿದ್ದರೆ ನಕ್ಷೆಗೆ ಸಹಿ, ಇಲ್ಲದಿದ್ದರೆ ಕೋಣೆಯ ಆಸೆ ಬಿಟ್ಟುಬಿಡಿ. ಅರ್ಧ ತೂಕದ ಬ್ಲಾಕು ಎಂದರೆ ಅರ್ಧ ಬ್ಲಾಕು ಎಂದು ಮೇಸ್ತ್ರಿಗೆ ಅನ್ನಿಸಿತು. ಬಂದವರ ಮುಂದೆ ಹೇಳಲಿಲ್ಲ.

ಸೊಸೆ ದಾರಿ ಹುಡುಕಿದ್ದು ಗಂಡನ ಕಾರ್ಖಾನೆಯ ಹಿತ್ತಲಿನಲ್ಲಿ. ಮಗ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವನು. ಮೆತ್ತನೆಯ ಹಾಳೆಯಿಂದ ಪಾದದ ಆಕಾರವನ್ನು ಕತ್ತರಿಸಿ ತೆಗೆದ ಮೇಲೆ, ಪಾದದ ಆಕಾರದ ತೂತುಗಳಿರುವ ಹಾಳೆ ಉಳಿಯುತ್ತದೆ. ಅದು ಯಾರ ಕಾಲಿಗೂ ಆಗುವುದಿಲ್ಲ. ಮಣ್ಣಿಗೆ ಹಾಕಿದರೆ ಕೊಳೆಯುವುದಿಲ್ಲ, ಸುಟ್ಟರೆ ಇಡೀ ಬೀದಿ ಮೂಗು ಮುಚ್ಚಿಕೊಳ್ಳುತ್ತದೆ. ಗುಲಾಬಿ, ನೀಲಿ, ಹಸಿರು ಬಣ್ಣದ ಗುಡ್ಡೆಯಾಗಿ ಬಿದ್ದಿದ್ದ ಅದನ್ನು ಯಾರಾದರೂ ಹೊತ್ತೊಯ್ದರೆ ಸಾಕೆಂದು ಮಾಲೀಕ ಕಾಯುತ್ತಿದ್ದ. ಸೊಸೆ ಅದನ್ನು ಅಲ್ಲಿಯ ಯಂತ್ರದಲ್ಲೇ ಕಡಲೆಕಾಳಿನ ಗಾತ್ರಕ್ಕೆ ಚೂರು ಮಾಡಿಸಿ, ಚೀಲಗಟ್ಟಲೆ ಮನೆಗೆ ತರಿಸಿದಳು. ಜಲ್ಲಿಯ ಜಾಗದಲ್ಲಿ ಈ ಚೂರು ಹಾಕಿ ಕಲಸಿದರೆ ಬ್ಲಾಕು ಹಗುರಾಗುತ್ತದೆ ಎನ್ನುವುದು ಅವಳ ಲೆಕ್ಕಾಚಾರ.

ಮೇಸ್ತ್ರಿ ಒಂದು ಮುಷ್ಟಿ ಚೂರನ್ನು ಕೈಗೆತ್ತಿಕೊಂಡ. ಕೈಯಲ್ಲಿ ಏನೂ ಇಲ್ಲದ ಹಾಗಿತ್ತು.

"ಗೋಡೆಗೆ ಚಪ್ಪಲಿ ಹಾಕ್ತೀಯೇನಮ್ಮ?"

"ಚಪ್ಪಲಿ ಅಲ್ಲ ಮಾವ, ಚಪ್ಪಲಿ ಮಾಡಿ ಉಳಿದಿದ್ದು."

"ತಲೆ ಪಕ್ಕ ಇಟ್ಕೊಂಡು ಮಲಗೋದು ತಾನೆ?"

"ಇದನ್ನ ಯಾರೂ ಮೆಟ್ಟಿಲ್ಲ. ಹೊಸದು."

ಹೊಸ ಚಪ್ಪಲಿಯನ್ನು ದಿಂಬಿನ ಪಕ್ಕ ಇಟ್ಟುಕೊಳ್ಳಬಹುದೇ ಎಂದು ಮೇಸ್ತ್ರಿ ಯೋಚಿಸಿದ. ಯೋಚನೆ ಎತ್ತಲೂ ಸಾಗಲಿಲ್ಲ.

"ಇದು ಏನು ಭಾರ ಹೊರುತ್ತೆ?"

"ಭಾರ ಹೊರೋದಕ್ಕೆ ಕಬ್ಬಿಣದ ಕಂಬ ಇರುತ್ತೆ, ಮೇಲೆ ತಗಡು. ಗೋಡೆ ಏನೂ ಹೊರಬೇಕಾಗಿಲ್ಲ."

"ಏನೂ ಹೊರದೇ ಇದ್ರೆ ಅದನ್ನ ಗೋಡೆ ಅಂತ ಯಾಕೆ ಅನ್ಬೇಕು?"

"ಮರೆ ಆದ್ರೆ ಸಾಕು ಮಾವ. ಒಂದು ಬಾಗಿಲು ನಿಂತ್ರೆ ಸಾಕು," ಎಂದಳು ಸೊಸೆ. ಮೇಸ್ತ್ರಿಗೆ ಅದು ಬಡತನದ ಮಾತಿನಂತೆ ಕೇಳಿಸಿತು. ತನ್ನ ಮನೆಯಲ್ಲಿ ಯಾರೂ ಅಷ್ಟಕ್ಕೇ ತೃಪ್ತಿಪಡಬೇಕಾಗಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡ.

ಕೆಲಸ ಹೀಗೆ ಹಂಚಿಕೆಯಾಯಿತು. ಬೆಳಿಗ್ಗೆ ಮಗ ಸೊಸೆ ಸೇರಿ ಚೂರಿಗೆ ತೆಳ್ಳಗೆ ಸಿಮೆಂಟು ನೀರು ಹಚ್ಚಿ, ಮರಳು ಸಿಮೆಂಟಿನ ಜೊತೆ ಕಲಸಿಡುವುದು. ಅವರು ಕೆಲಸಕ್ಕೆ ಹೋದ ಮೇಲೆ ಮೇಸ್ತ್ರಿ ಅದನ್ನು ಅಚ್ಚಿಗೆ ತುಂಬುವುದು. "ಸುಮ್ನೆ ತುಂಬಿ, ಮೇಲೆ ಒಂದು ಸಲ ಕರಣೆ ಎಳೆದು ಬಿಟ್ಬಿಡಿ ಮಾವ. ಕುಟ್ಟಬೇಡಿ," ಎಂದು ಸೊಸೆ ಬಾಗಿಲಲ್ಲಿ ನಿಂತು ಹೇಳಿದಳು. ಬೀದಿಯ ತಿರುವಿನಿಂದ ತಿರುಗಿ ಬಂದು ಇನ್ನೊಮ್ಮೆ ಹೇಳಿದಳು. ಮೇಸ್ತ್ರಿ ತಲೆಯಾಡಿಸಿದ. ತಲೆಯಾಡಿಸುವಾಗ ಅವನ ಮನಸ್ಸಿನಲ್ಲಿ ಯಾವ ಮೋಸವೂ ಇರಲಿಲ್ಲ.

ಮೊದಲ ಅಚ್ಚು ತುಂಬಿದ. ಕರಣೆ ಎಳೆದ. ನೋಡಿದ. ಬದಿಯಲ್ಲಿ ತೂತು, ಮೂಲೆಯಲ್ಲಿ ತೂತು, ನಡುವೆ ಬೆರಳು ಹೋಗುವಷ್ಟು ತೂತು. ಹಳೆಯ ಶತ್ರು ಎದುರಿಗೇ ಕೂತು ಹಲ್ಲು ಕಿರಿಯುತ್ತಿದ್ದಾನೆ, ಇವನು ಕೈಕಟ್ಟಿ ನಿಂತಿರಬೇಕು. ಮೇಸ್ತ್ರಿ ಆಚೀಚೆ ನೋಡಿದ. ಒಂದೇ ಒಂದು ಸಲ ಎಂದುಕೊಂಡು ಕುಟ್ಟಿದ.

ಒಂದು ಸಲ ಕುಟ್ಟಿ ನಿಲ್ಲಿಸುವ ಅಭ್ಯಾಸ ಆ ಕೈಗೆ ಇರಲಿಲ್ಲ. ಕುಟ್ಟುತ್ತ ಹೋದಂತೆ ಮರಳು ಸಿಮೆಂಟು ತಳಕ್ಕೆ ಇಳಿದವು, ಚಪ್ಪಲಿ ಚೂರುಗಳೆಲ್ಲ ಮೇಲಕ್ಕೆ ತೇಲಿ ಬಂದವು. ಕುದಿಯುವ ಬೇಳೆಯ ಮೇಲೆ ನೊರೆ ಬಂದರೆ ಯಾರಾದರೂ ತೆಗೆದು ಚೆಲ್ಲುತ್ತಾರೆ. ಮೇಸ್ತ್ರಿಯೂ ಕರಣೆಯಿಂದ ಅದನ್ನು ಗೋರಿ ಬುಟ್ಟಿಗೆ ಹಾಕಿದ. ಅಚ್ಚು ಅರ್ಧಕ್ಕಿಳಿಯಿತು. ಖಾಲಿ ಬಿಡುವುದು ಸರಿಯಲ್ಲವಲ್ಲ, ತನ್ನ ಮಾಮೂಲಿ ಕಾಂಕ್ರೀಟು ಕಲಸಿ ತುಂಬಿ, ಅದನ್ನೂ ಕುಟ್ಟಿದ. ಬ್ಲಾಕು ನುಣ್ಣಗೆ, ಮೂಲೆ ಮುರಿಯದೆ, ನೋಡಿದವರ ಕಣ್ಣು ತಂಪಾಗುವ ಹಾಗೆ ಬಂತು.

ಅವನಿಗೆ ಇದು ವಂಚನೆ ಎಂದು ಅನ್ನಿಸಲೇ ಇಲ್ಲ. ಮಗ ಸೊಸೆ ಮಲಗುವ ಕೋಣೆ. ನಾಳೆ ಗೋಡೆ ಕುಸಿದರೆ? ಆ ಯೋಚನೆ ಬಂದಾಗೆಲ್ಲ ಕೈ ತಾನಾಗಿ ಇನ್ನೆರಡು ಸಲ ಕುಟ್ಟುತ್ತಿತ್ತು. ಗೋರಿದ ಚೂರನ್ನು ಹಾಳು ಮಾಡಬಾರದೆಂದು ತೊಳೆದು ಒಣಗಿಸಿ ಮತ್ತೆ ಚೀಲಕ್ಕೇ ತುಂಬಿಡುತ್ತಿದ್ದ. ಅಷ್ಟು ಪ್ರಾಮಾಣಿಕ.

ಬ್ಲಾಕು ಒಣಗಿದ ಮೇಲೆ ಸೊಸೆ ಒಂದನ್ನು ಎತ್ತಲು ಹೋದಳು. ಅದು ಏಳಲಿಲ್ಲ. ಹುಬ್ಬು ಗಂಟಿಕ್ಕಿ, ಚೂರು ಸಾಲದೇನೋ ಎಂದುಕೊಂಡು ಮುಂದಿನ ವಾರ ಚೂರು ಹೆಚ್ಚು ಹಾಕಿದಳು. ಹೆಚ್ಚು ಹಾಕಿದಷ್ಟೂ ಹೆಚ್ಚು ತೇಲಿತು, ಹೆಚ್ಚು ತೇಲಿದಷ್ಟೂ ಮೇಸ್ತ್ರಿ ಹೆಚ್ಚು ಗೋರಿದ, ಗೋರಿದಷ್ಟೂ ಒಳ್ಳೆಯ ಕಾಂಕ್ರೀಟು ತುಂಬಿದ. ಎರಡನೇ ವಾರದ ಬ್ಲಾಕು ಮೊದಲನೆಯದಕ್ಕಿಂತ ಭಾರವಾಗಿತ್ತು. ಇಷ್ಟೆಲ್ಲ ಕಲಸಿದರೂ ಚೀಲಗಳು ತುಂಬಿಯೇ ಇರುವುದನ್ನು ಮಗ ಗಮನಿಸಿದ. ಕಾರ್ಖಾನೆಯವರು ಉದಾರವಾಗಿ ಕೊಡುತ್ತಿದ್ದಾರೆ ಎಂದುಕೊಂಡು ಸುಮ್ಮನಾದ. ಮಗನಿಗೆ ಯೋಚನಾಶಕ್ತಿ ತಂದೆಯ ಕಡೆಯಿಂದ ಬಂದಿತ್ತು.

ಇಂಜಿನಿಯರ್ ತಕ್ಕಡಿ ಹೊರಿಸಿಕೊಂಡು ಬಂದ. ಮೊದಲ ಬ್ಲಾಕು ಇಟ್ಟ. ಮುಳ್ಳು ನೋಡಿದ. ಅದನ್ನು ಇಳಿಸಿ ಎರಡನೆಯದನ್ನು ಇಟ್ಟ, ಮೂರನೆಯದನ್ನು ಇಟ್ಟ. ಆಮೇಲೆ ತಕ್ಕಡಿಯೇ ಕೆಟ್ಟಿರಬಹುದೆಂದು ತಾನೇ ಹತ್ತಿ ನಿಂತು ನೋಡಿಕೊಂಡ. ತಕ್ಕಡಿ ಸರಿಯಾಗಿತ್ತು.

"ಇದನ್ನ ಸೇತುವೆಗೆ ಹಾಕಬಹುದು," ಎಂದ. "ನಿಮ್ಮ ತಾರಸಿ ಮೇಲೆ ಇಟ್ರೆ ಎಲ್ಲಾ ಸೇರಿ ಅಡುಗೆಮನೆಗೆ ಬರ್ತೀರಿ."

ಮೇಸ್ತ್ರಿಗೆ ಸೇತುವೆಯ ಮಾತು ಕೇಳಿ ಖುಷಿಯಾಯಿತು. ಸೊಸೆಯ ಮುಖ ನೋಡಿ ಆ ಖುಷಿ ಅಲ್ಲೇ ಆರಿತು. ಅವಳು ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಅವಳ ಮುಖದಿಂದ ಏನೋ ಇಳಿದುಹೋಯಿತು. ಇನ್ನೊಂದು ಸಲ ಬರುತ್ತೇನೆ, ಮೂರನೇ ಸಲ ಬರುವುದಿಲ್ಲ ಎಂದು ಹೇಳಿ ಇಂಜಿನಿಯರ್ ಹೊರಟುಹೋದ.

ಮರುದಿನ ಸೊಸೆ ಒಂದು ಬ್ಲಾಕನ್ನು ಲ್ಯಾಬಿಗೆ ಒಯ್ದು ನಡುವೆ ಕೊಯ್ಯಿಸಿದಳು. ಸಂಜೆ ಎರಡೂ ಹೋಳುಗಳನ್ನು ತಂದು ಮೇಸ್ತ್ರಿ ಕೂತಿದ್ದ ಕಡೆ ನೆಲದ ಮೇಲಿಟ್ಟಳು. ಒಳಗೆ ಬೂದು ಬಣ್ಣ ಬಿಟ್ಟರೆ ಏನಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಗುಲಾಬಿ ಚೂರೊಂದು ದಾರಿ ತಪ್ಪಿ ಬಂದ ಹಾಗೆ ಸಿಕ್ಕಿಕೊಂಡಿತ್ತು.

"ಮಾವ, ಇದರಲ್ಲಿ ಚಪ್ಪಲಿ ಎಲ್ಲಿ?"

ಮೇಸ್ತ್ರಿ ಹೋಳುಗಳನ್ನು ನೋಡಿದ. ಎಷ್ಟು ಒಳ್ಳೆಯ ಕೆಲಸ ಎಂದು ಒಂದು ಕ್ಷಣ ಅನ್ನಿಸಿದ್ದೂ ಸುಳ್ಳಲ್ಲ. "ತೇಲಿ ಬಂತು ಕಣಮ್ಮ. ತೆಗೆದೆ."

"ಯಾಕೆ ತೇಲಿ ಬಂತು?"

"ಸ್ವಲ್ಪ ಕುಟ್ಟಿದೆ."

"ಸ್ವಲ್ಪಾನಾ?"

"ನಿಮ್ಮಿಬ್ಬರ ಮೇಲೆ ಗೋಡೆ ಬಿದ್ರೆ ನಾನು ಬದುಕಿರಬೇಕಾ?" ಮೇಸ್ತ್ರಿಯ ದನಿ ಏರಿತು, ಏರಿದ್ದು ಅಲ್ಲೇ ಒಡೆಯಿತು. "ನನ್ನ ಕೈಯಿಂದ ಒಂದು ತೂತಿನ ಬ್ಲಾಕೂ ಹೊರಗೆ ಹೋಗಿಲ್ಲ. ಹೊರಗಿನವರಿಗೇ ಕೊಡದ್ದನ್ನ ಮನೆಯವರಿಗೆ ಕೊಡ್ಲಾ?"

ಅವಳು ಹೇಳಬೇಕಾದ ಮಾತು ಸೊಸೆಯಾದವಳು ಮಾವನೆದುರು ಆಡುವಂಥದ್ದಲ್ಲ. ಪರದೆ ಸರಿಸಿಕೊಂಡು ಒಳಗೆ ಹೋದಳು. ಹೋದರೂ ಅವಳ ಉಸಿರು ಈಚೆಗೆ ಕೇಳಿಸುತ್ತಲೇ ಇತ್ತು.

ಮೇಸ್ತ್ರಿಯ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಹೆಚ್ಚು ಮಾತಿನವಳಲ್ಲ. ಮದುವೆಯಾದಾಗಿನಿಂದ ಮೇಸ್ತ್ರಿ ಕುಟ್ಟುವ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲ ಎಂದು ಕಂಡುಕೊಂಡಿದ್ದಳು. ಗಂಡನನ್ನು ಹಿಂದಿನ ಅಂಗಳಕ್ಕೆ ಕರೆದು, ಅಚ್ಚುಗಳ ನಡುವೆ ನಿಲ್ಲಿಸಿದಳು.

"ಆ ಹುಡುಗಿ ಕೋಣೆ ಯಾಕೆ ಕೇಳಿದ್ಲು ಅಂತ ಗೊತ್ತಾ?"

"ಯಾಕೆ? ಮನೆ ದೊಡ್ಡದಾಗ್ಲಿ ಅಂತ."

"ಬಾಗಿಲಿಗೋಸ್ಕರ. ಅವರಿಬ್ಬರೂ ನಡೆಯೋಕೆ ಹೋಗ್ತಾರೆ ಅಂದ್ಕೊಂಡಿದೀರಾ? ಗಂಡ ಹೆಂಡ್ತಿ ಮಾತಾಡ್ಕೊಳ್ಳೋಕೆ ಬಸ್ ನಿಲ್ದಾಣಕ್ಕೆ ಹೋಗ್ತಾರೆ. ಮಕ್ಕಳಾಗಿಲ್ಲ ಅಂತ ನೀವು ಗೊಣಗೋದು ಬೇರೆ. ಹೇಗಾಗುತ್ತೆ? ಮಗ್ಗುಲು ಬದಲಿಸಿದ್ರೆ ನಿದ್ದೆ ಬಂತಾ ಅಂತ ಕೇಳ್ತೀರಿ."

ಮೇಸ್ತ್ರಿ ಅಚ್ಚಿನ ಅಂಚನ್ನು ಬೆರಳಿಂದ ಕೆರೆದ. ಕಿವಿ ಬಿಸಿಯಾಯಿತು. "ನಾವೂ ಹಾಗೇ ಇರ್ಲಿಲ್ವಾ?" ಎಂದ.

"ಇದ್ವಿ," ಎಂದಳು ಹೆಂಡತಿ. "ನಮ್ಮಮ್ಮ ಹೋದ ಸುದ್ದಿ ಬಂದ ದಿನ ನೆನಪಿದೆಯಾ? ನಿಮ್ಮ ಕೆಲಸದವರೆಲ್ಲ ಊಟಕ್ಕೆ ಕೂತಿದ್ರು. ಬಡಿಸಿ ಮುಗಿಸಿದೆ. ಅಳೋಕೆ ಜಾಗ ಇರ್ಲಿಲ್ಲ. ಬಚ್ಚಲಿಗೆ ಹೋಗಿ, ಸದ್ದು ಕೇಳಿಸದೆ ಇರಲಿ ಅಂತ ನಲ್ಲಿ ಬಿಟ್ಕೊಂಡು ಅತ್ತೆ. ನೀವು ಹೊರಗೆ ನಿಂತು, ನೀರು ಖಾಲಿಯಾಗುತ್ತೆ ನಲ್ಲಿ ನಿಲ್ಸೆ ಅಂತ ಕೂಗಿದ್ರಿ. ನಿಲ್ಸಿದೆ."

ಅವಳು ಅದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿ ಒಳಗೆ ಹೋದಳು. ಮೇಸ್ತ್ರಿಗೆ ಆ ದಿನ ನೆನಪಾಗಲಿಲ್ಲ. ಎಷ್ಟು ನೆನಪಿಸಿಕೊಂಡರೂ ಆಗಲಿಲ್ಲ. ಅದೇ ಅವನನ್ನು ಹೆಚ್ಚು ಹಿಂಡಿತು. ಎಷ್ಟೋ ಜನರ ಮನೆಗೆ ಕೋಣೆ ಕಟ್ಟಿಕೊಟ್ಟವನು, ಕೂತು ಅಳಲು ತನ್ನ ಹೆಂಡತಿಗೆ ಒಂದು ಮೂಲೆ ಮಾಡಿಕೊಟ್ಟಿರಲಿಲ್ಲ. ನಾಚಿಕೆಯಿಂದ ಅವನು ಅಲ್ಲೇ ಬ್ಲಾಕಿನ ಮೇಲೆ ಕುಸಿದು ಕೂತ. ಬ್ಲಾಕು ಚೆನ್ನಾಗಿ ತಡೆದುಕೊಂಡಿತು.

ಮುಂದಿನ ಸಲ ಕಲಸಿದ ದಿನ ಮೇಸ್ತ್ರಿ ಕುಟ್ಟುವ ಕೋಲನ್ನು ತಾನಾಗಿಯೇ ತಂದು ಹೆಂಡತಿಯ ಕೈಗೆ ಕೊಟ್ಟ. "ಇದನ್ನ ಹಿಡ್ಕೊಂಡು ಇಲ್ಲೇ ಕೂತಿರು. ಕೇಳಿದ್ರೂ ಕೊಡಬೇಡ." ಅವಳು ಸ್ಟೂಲು ಹಾಕಿಕೊಂಡು, ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಸೊಪ್ಪು ಬಿಡಿಸುತ್ತ ಕೂತಳು.

ಮೇಸ್ತ್ರಿ ತುಂಬಿದ. ಕರಣೆ ಎಳೆದ. ನೀಲಿ, ಗುಲಾಬಿ, ಹಸಿರು, ನಡುನಡುವೆ ತೂತು.

"ತೂತು ಕಾಣಿಸ್ತಿದೆ ಕಣೇ."

"ಕಾಣಿಸ್ಲಿ."

"ಒಂದು ಸಲ, ಮೆತ್ತಗೆ..."

"ಸುಮ್ನಿರಿ."

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸಾಲದೆನಿಸಿ ಅಂಗಳದ ಆಚೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ. ಸಂಜೆ ಮನೆಗೆ ಬಂದ ಸೊಸೆ ಅಚ್ಚುಗಳನ್ನೊಮ್ಮೆ ನೋಡಿದಳು, ಕುಟ್ಟದೆ ಬಿಟ್ಟ ತೂತುಗಳನ್ನು ನೋಡಿದಳು. ಆ ದಿನ ಮಾವನ ತಟ್ಟೆಗೆ ಅವಳೇ ಬಡಿಸಿದಳು.

ಅಚ್ಚು ಬಿಚ್ಚುವ ದಿನ ಮೇಸ್ತ್ರಿ ಎಂದಿನಂತೆ ಕಾಲು ಅಗಲಿಸಿ, ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು ಬ್ಲಾಕನ್ನು ಎತ್ತಿದ. ಅದು ಎದೆಯವರೆಗೆ ಹಾರಿ ಬಂತು. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಹೋಗಿ ಮರಳಿನ ರಾಶಿಯ ಮೇಲೆ ಕೂತ, ಬ್ಲಾಕು ಮಡಿಲಲ್ಲಿ. ಬೆರಳಿಂದ ತಟ್ಟಿದ. ಮೂಲೆ ಉದುರಲಿಲ್ಲ. ಎತ್ತರದಿಂದ ಕೆಳಗೆ ಬಿಟ್ಟು ನೋಡಿದ, ಒಂದಿಷ್ಟು ನೆಗೆದು ಮಗುಚಿಕೊಂಡಿತು. "ಬದುಕುತ್ತೆ," ಎಂದ ಕೊನೆಗೆ.

ಇಂಜಿನಿಯರ್ ಬಂದ, ತೂಗಿದ, ತಕ್ಕಡಿ ಹತ್ತಿ ನೋಡುವ ಪ್ರಮೇಯ ಬರಲಿಲ್ಲ. ನಕ್ಷೆಗೆ ಸಹಿ ಬಿತ್ತು.

ಮೇಸ್ತ್ರಿ ಗೋಡೆ ಕಟ್ಟಿದ. ಒಂದೊಂದು ಕೈಯಲ್ಲಿ ಒಂದೊಂದು ಬ್ಲಾಕು ಹಿಡಿದು ಮೆಟ್ಟಿಲು ಹತ್ತುವಾಗ, ನೆರೆಯವರು ನೋಡಲಿ ಎಂದು ಸ್ವಲ್ಪ ನಿಧಾನವಾಗಿಯೇ ಹತ್ತಿದ. ಬಾಗಿಲಿಗೆ ಬಡಗಿಯ ಬಳಿ ತಾನೇ ಹೋಗಿ, ಮರ ತಾನೇ ಆರಿಸಿ, ಮುಗಿಯುವವರೆಗೆ ಅಂಗಡಿ ಬಿಟ್ಟು ಕದಲದೆ ಕೂತ. ಒಳಗಿನಿಂದ ಹಾಕುವ ಚಿಲಕವನ್ನು ಹತ್ತು ಸಲ ಹಾಕಿ ತೆಗೆದು ನೋಡಿದ. ಬಾಗಿಲು ನಿಂತಿತು. ಗೋಡೆಗೆ ಬಳಿದ ಗಿಲಾವು ಒಣಗಿತು. ಭಾನುವಾರ ಮಗ ಸೊಸೆ ಹಾಸಿಗೆ ಬಟ್ಟೆ ಮೇಲೆ ಸಾಗಿಸುವುದು ಎಂದಾಯಿತು.

ಭಾನುವಾರ ಊಟವಾದ ಮೇಲೆ, ಸೊಸೆ ದಿಂಬುಗಳನ್ನು ಕೈಗೆತ್ತಿಕೊಂಡಾಗ, ಮೇಸ್ತ್ರಿಯ ಹೆಂಡತಿ ಸೆರಗಿಗೆ ಕೈ ಒರೆಸಿ, "ನಾನೊಂದು ಸಲ ನೋಡ್ಕೊಂಡು ಬರ್ತೀನಿ," ಎಂದು ಮೇಲೆ ಹೋದಳು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಚಿಲಕದ ಸದ್ದು.

ಕೆಳಗೆ ಮೂವರೂ ಕಾದರು. ನೋಡಲು ಅಷ್ಟೊಂದು ಏನಿದೆ ಎಂದು ಮಗ ಕೇಳಿದ. ಸೊಸೆ ಅವನ ಕಡೆ ಒಂದು ನೋಟ ಬೀರಿ ದಿಂಬುಗಳನ್ನು ಪಕ್ಕಕ್ಕಿಟ್ಟು, ಅವಕ್ಕೆ ಒರಗಿಕೊಂಡಳು. "ಇರ್ಲಿ ಬಿಡಿ ಮಾವ, ನಮಗೇನೂ ಅವಸರ ಇಲ್ಲ," ಎಂದಳು. ಮೇಸ್ತ್ರಿ ಒಂದಷ್ಟು ಹೊತ್ತು ಕೂತ. ಮಂಡಿ ತಿಕ್ಕಿಕೊಂಡ. ಕೊನೆಗೆ ಎದ್ದು ಮೆಟ್ಟಿಲು ಹತ್ತಿದ.

ಬಾಗಿಲ ಮುಂದೆ ನಿಂತ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ತನ್ನ ಮನೆಯಲ್ಲಿ ಅವನು ಪರದೆ ಸರಿಸಿ ಒಳಗೆ ಹೋದವನೇ ಹೊರತು ಬಾಗಿಲು ತಟ್ಟಿದವನಲ್ಲ. ಗೋಡೆಗೆ ಕಿವಿಯಿಟ್ಟ. ಅಳುತ್ತಿದ್ದಾಳೋ, ಮಲಗಿದ್ದಾಳೋ, ಸುಮ್ಮನೆ ಕಿಟಕಿಯಲ್ಲಿ ನಿಂತಿದ್ದಾಳೋ, ಆ ಚಪ್ಪಲಿ ಚೂರಿನ ಗೋಡೆ ಒಂದು ಉಸಿರನ್ನೂ ಈಚೆಗೆ ಬಿಡಲಿಲ್ಲ. ಕೈಯೆತ್ತಿದ. ಎಷ್ಟು ಜೋರಾಗಿ ತಟ್ಟಬೇಕು ಎನ್ನುವುದೂ ಗೊತ್ತಿರಲಿಲ್ಲ. ಮೊದಲು ತಟ್ಟಿದ್ದು ಅವನಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ತಟ್ಟಿದ.

"ಯಾರು?"

"ನಾನು."

"ಏನಾದ್ರೂ ಬೇಕಿತ್ತಾ?"

ಮೇಸ್ತ್ರಿ ಯೋಚಿಸಿದ. "ಏನಿಲ್ಲ," ಎಂದ.

"ಹಾಗಾದ್ರೆ ಆಮೇಲೆ ಬನ್ನಿ."

"ಸರಿ," ಎಂದು ಮೇಸ್ತ್ರಿ ಮೇಲಿನ ಮೆಟ್ಟಿಲ ಮೇಲೆ, ಸದ್ದಾಗದ ಹಾಗೆ ಕೂತುಕೊಂಡ.